ಕೆರೆಗೆ ಹಾಕಿದ ಚಪ್ಪರ

ನಮ್ಮೂರಿನಲ್ಲಿ ಒಲೆ ಹತ್ತುವುದು ಕೆರೆಯ ಆಮೆಗಳು ಉಂಡು ಮುಗಿಸಿದ ಮೇಲೆ. ಅವುಗಳನ್ನು ನಾವು ಆಮೆ ಎಂದು ಕರೆಯುವುದಿಲ್ಲ, ಮುಂಚಿನವರು ಎನ್ನುತ್ತೇವೆ. ಬೆಳಕು ಹರಿದು ಮೊದಲನೆಯವರು ಬಂಡೆಯಿಂದ ನೀರಿಗಿಳಿದರೆಂದರೆ ಊರಿನ ಒಲೆಗಳಲ್ಲಿ ಬೂದಿ ಮುಚ್ಚಿಟ್ಟ ಕೆಂಡವೆಲ್ಲ ಆರುತ್ತದೆ. ಕೊನೆಯವರು ಉಂಡು ಬಂಡೆ ಹತ್ತಿ ಕುಳಿತರೆಂದರೆ ಕಡ್ಡಿ ಗೀರಿದ ಕೂಡಲೇ ಹತ್ತುತ್ತದೆ. ನಡುವಿನ ಹೊತ್ತಿನಲ್ಲಿ ಎಷ್ಟು ಗೀರಿದರೂ ಕಡ್ಡಿಯ ತಲೆ ಸವೆಯುತ್ತದೆಯೇ ಹೊರತು ಕಿಡಿ ಕಾಣುವುದಿಲ್ಲ. ಪೇಟೆಯಿಂದ ಗ್ಯಾಸ್ ಒಲೆ ತಂದವರಿದ್ದಾರೆ. ಅದು ಬುಸ್ ಎಂದು ಉಸಿರು ಬಿಟ್ಟು ಸುಮ್ಮನಾಯಿತು. ಕರೆಂಟಿನ ಒಲೆ ತಂದವರ ಮನೆಯಲ್ಲಿ ಸುರುಳಿ ಕೆಂಪಾಗದೆ ಹಾಗೇ ಉಳಿಯಿತು. ಅದಕ್ಕಾಗಿ ಯಾರೂ ಬೇಸರಪಟ್ಟುಕೊಳ್ಳಲಿಲ್ಲ. ಮನೆಯಲ್ಲಿ ಹಿರಿಯರು ಉಂಡ ಮೇಲೆ ತಾನೆ ಉಳಿದವರು ಎಲೆಯ ಮುಂದೆ ಕೂರುವುದು.

ಕೊನೆಯವರು ಬಂಡೆ ಹತ್ತಿದ್ದನ್ನು ನೋಡಿ ಊರಿಗೆ ತಿಳಿಸುವುದು ನಮ್ಮ ಮನೆಯ ಹೆಂಗಸರ ಕೆಲಸ. ಕೆರೆಯ ಮೆಟ್ಟಿಲ ಮೇಲೆ ಒಂದು ಕಲ್ಲುಕಂಬವಿದೆ, ಅದಕ್ಕೆ ಕಂಚಿನ ಜಾಗಟೆ ತೂಗುಹಾಕಿದೆ. ಅತ್ತೆ ತೀರಿಕೊಂಡ ಮಾರನೆಯ ಬೆಳಗ್ಗೆಯಿಂದ ಅದನ್ನು ಬಾರಿಸುತ್ತಿರುವವಳು ನಾನು. ಹೆಸರು ಸಾಕವ್ವ. ಗಂಡ ದೇವರ ಪಾದ ಸೇರಿ ಬಹಳ ವರ್ಷವಾಯಿತು. ಇರುವವಳು ಒಬ್ಬಳೇ ಮಗಳು ದೇವೀರಿ, ಅವಳನ್ನು ಗುಡ್ಡದಾಚೆಯ ಊರಿಗೆ ಕೊಟ್ಟಿದ್ದೇನೆ. ಮುಂಚಿನವರು ಒಟ್ಟು ನಲವತ್ತೊಂದು ಜನ. ಒಬ್ಬೊಬ್ಬರ ಬೆನ್ನಿನ ಚಿಪ್ಪಿನ ಗೆರೆಯೂ ನನಗೆ ಗೊತ್ತು. ಗಂಗಮ್ಮನಿಗೆ ಕೈ ಮುಗಿದು ಮೆಟ್ಟಿಲ ಮೇಲೆ ಕುಳಿತರೆ, ಅವರು ತಿನ್ನುವುದನ್ನು ನೋಡುವುದೇ ನನಗೆ ಪೂಜೆ.

ಅವರ ಊಟ ಒಂದೇ ಬಗೆಯದು. ಕೆರೆಯ ತಳದಿಂದ ಹೆಣ್ಣುಮಕ್ಕಳ ಜಡೆಯ ಹಾಗೆ ಉದ್ದಕ್ಕೆ ಎದ್ದು, ನೀರಿನೊಳಗೇ ತೂಗಾಡುವ ಸೊಪ್ಪೊಂದಿದೆ. ನಾವು ಜಡೆಸೊಪ್ಪು ಎನ್ನುತ್ತೇವೆ. ನಮ್ಮ ಅತ್ತೆಯ ಕಾಲದಲ್ಲಿ ಅದು ಕಡುಹಸಿರಾಗಿ, ಹಿಡಿದರೆ ಕೈಗೆ ಗಟ್ಟಿಯಾಗಿ ಸಿಗುತ್ತಿತ್ತಂತೆ. ಮುಂಚಿನವರು ನಾಲ್ಕು ಎಳೆ ತಿಂದು, ಸಾಕೆಂದು ತಲೆಯೆತ್ತಿ, ಹೊತ್ತು ಮಾರುದ್ದ ಏರುವಷ್ಟರಲ್ಲಿ ಬಂಡೆಯ ಮೇಲಿರುತ್ತಿದ್ದರು. ಹೆಂಗಸರು ಅಂಗಳ ಸಾರಿಸಿ ರಂಗೋಲಿ ಎಳೆದು ಕೈ ತೊಳೆಯುವುದಕ್ಕೂ ಜಾಗಟೆ ಕೇಳುವುದಕ್ಕೂ ಸರಿಹೋಗುತ್ತಿತ್ತು.

ಕೆರೆಯ ನೀರು ಬೆಚ್ಚಗಾಗುತ್ತ ಬಂದದ್ದು ಯಾವ ವರ್ಷದಿಂದ ಎಂದು ಯಾರೂ ಹೇಳಲಾರರು. ಮಾಘಸ್ನಾನಕ್ಕೆ ಇಳಿದರೆ ಹಲ್ಲು ಕಟಕಟ ಎನ್ನಿಸುತ್ತಿದ್ದ ನೀರು ಮೆಲ್ಲಗೆ ಸುಮ್ಮನಾಯಿತು. ಚಳಿಗಾಲದ ಬೆಳಗ್ಗೆ ನೀರಿನ ಮೇಲೆ ತೇಲುತ್ತಿದ್ದ ಮಂಜು ಬರುವುದು ನಿಂತಿತು. ಬೇಸಿಗೆಯಲ್ಲಿ ಕಾಲಿಟ್ಟರೆ ಯಾರೋ ತೋಡಿಟ್ಟ ಸ್ನಾನದ ನೀರಿನ ಹಾಗಿರುತ್ತಿತ್ತು. ಮುಂಚಿನವರ ಮೈ ನಮ್ಮ ಮೈಯಂತಲ್ಲ. ನೀರು ತಣ್ಣಗಿದ್ದರೆ ಅವರ ಹೊಟ್ಟೆಯೂ ನಿಧಾನ, ಒಳಗೆ ಹೋದದ್ದು ದಿನವೆಲ್ಲ ಕರಗುತ್ತದೆ. ನೀರು ಬಿಸಿಯಾದರೆ ಉಂಡದ್ದು ಉಂಡಂತೆಯೇ ಮಾಯವಾಗಿ ಮತ್ತೆ ಹಸಿವಾಗುತ್ತದೆ. ಆದ್ದರಿಂದ ಅವರ ಊಟ ಉದ್ದವಾಯಿತು. ಜಾಗಟೆ ಮೊದಲು ದನ ಮೇಯಲು ಹೊರಡುವ ಹೊತ್ತಿಗೆ ಜಾರಿತು. ಅಲ್ಲಿಂದ ಮಕ್ಕಳು ಶಾಲೆಯಲ್ಲಿ ಮಗ್ಗಿ ಹೇಳುವ ಹೊತ್ತಿಗೆ, ಅಲ್ಲಿಂದ ಇನ್ನೂ ಮುಂದಕ್ಕೆ.

ಊರು ಹೊಂದಿಕೊಂಡಿತು. ರಾತ್ರಿಯ ಮುದ್ದೆಯನ್ನೇ ಎರಡು ಹೆಚ್ಚಿಗೆ ಕಟ್ಟಿ, ಬೆಳಗ್ಗೆ ಮಜ್ಜಿಗೆಗೆ ಕಿವುಚಿ ಕುಡಿಯುವುದು ರೂಢಿಯಾಯಿತು. ಕುಂಬಾರರು ಮಡಕೆ ಸುಡುವ ಆವಿಗೆಯನ್ನು ಸಂಜೆಗೆ ಹಚ್ಚತೊಡಗಿದರು. ಹೋಟೆಲಿನ ಶೇಷಣ್ಣ ಇಡ್ಲಿಯ ಹಲಗೆ ಒರೆಸಿ ಕೆಳಗಿಟ್ಟು, ಹಸಿ ಅವಲಕ್ಕಿ, ಹೆಸರುಬೇಳೆ ಕೋಸಂಬರಿ, ಪಾನಕ ಎಂದು ಹೊಸದಾಗಿ ಬರೆಸಿದ. ಕಾಫಿ ಕೇಳಿದವರಿಗೆ, "ಕಾಫಿಪುಡಿ ವಾಸ್ನೆ ಬೇಕಾದ್ರೆ ತೋರುಸ್ತೀನಿ, ಮೂಸ್ಕೊಂಡು ಹೋಗಿ" ಎನ್ನುತ್ತಿದ್ದ. ದೇವರ ದೀಪವನ್ನು ಬೆಳಗ್ಗೆ ಹಚ್ಚಲಾಗದೆ ನಾನು ಬತ್ತಿ ಹೊಸೆದು ಎಣ್ಣೆ ತುಂಬಿ, ಬರಿಯ ಹಣತೆಯ ಮುಂದೆ ಕುಳಿತು ಕಣ್ಣು ಮುಚ್ಚುತ್ತಿದ್ದೆ. ದೇವರಿಗೆ ಕತ್ತಲೆಯೇನು ಹೊಸದಲ್ಲ ಎಂದುಕೊಂಡೆ. ಹೊಂದಿಕೊಳ್ಳುವುದರಲ್ಲಿ ನಮ್ಮೂರಿನವರಿಗೆ ಕಷ್ಟವಿರಲಿಲ್ಲ. ನಾವು ತಪ್ಪಿದ್ದು ಉಪಕಾರ ಮಾಡಲು ಹೋದಾಗ.

ಹೋದ ಶಿವರಾತ್ರಿ ಕಳೆದ ಮೇಲೆ ಊರಿನ ಯಜಮಾನ ಮರಿಗೌಡರು ನನ್ನನ್ನು ಕರೆಸಿದರು. "ಸಾಕವ್ವ, ದಿನಾ ನೋಡೋಳು ನೀನು. ಯಾಕೆ ಇಷ್ಟೊತ್ತು ಉಣ್ತಾವ್ರೆ? ನಿನಗೇನು ಕಾಣ್ತದೆ?" ಎಂದು ಕೇಳಿದರು.

"ಹೊಟ್ಟೆ ತುಂಬ್ತಿಲ್ಲ ಗೌಡ್ರೆ. ಸೊಪ್ಪು ಸಾಲ್ತಿಲ್ಲ ಅಂತ ಕಾಣ್ತದೆ" ಎಂದೆ.

ಅದು ನನ್ನ ಮಾತು. ಯಾರೂ ನನ್ನ ಬಾಯಿಂದ ಕಿತ್ತುಕೊಂಡದ್ದಲ್ಲ. ಪಂಕ್ತಿಯಲ್ಲಿ ಒಬ್ಬರಿಗೆ ಸಾಲದಿದ್ದರೆ ಇನ್ನಷ್ಟು ಬಡಿಸಬೇಕು, ಅದು ನಾವೆಲ್ಲ ಬಲ್ಲ ಧರ್ಮ. ಸೊಪ್ಪು ಹೆಚ್ಚಬೇಕಾದರೆ ಬಿಸಿಲು ಬೇಕು. ಕೆರೆಯ ಮೂಡಲ ದಡದಲ್ಲಿ ನೇರಳೆ, ಹೊಂಗೆ, ಹೊಳೆಮತ್ತಿಯ ಮರಗಳು ನೀರಿನ ಮೇಲೆ ಬಾಗಿ ನಿಂತಿದ್ದವು. ಅವುಗಳ ನೆರಳಲ್ಲಿ ಸೊಪ್ಪು ಗಿಡ್ಡಗೆ, ವಿರಳವಾಗಿ ಇತ್ತು. ಮರ ಇಳಿಸಿದರೆ ಮುಂಚಿನವರಿಗೆ ತುಂಬಿದೆಲೆ ಬಡಿಸಿದಂತಾಗುತ್ತದೆ ಎಂದು ಊರೆಲ್ಲ ಒಪ್ಪಿತು. ಗಂಗಮ್ಮನಿಗೆ ಹಣ್ಣುಕಾಯಿ ಮಾಡಿಸಿ, ಮರಗಳಿಗೆ ಅರಿಶಿನ ಹಚ್ಚಿ ಕ್ಷಮೆ ಕೇಳಿ, ನಾಲ್ಕು ದಿನದಲ್ಲಿ ಕಡಿದರು.

ಮೊದಲ ತಿಂಗಳು ಸಂತೋಷಪಟ್ಟೆವು. ಸೊಪ್ಪು ಹೇಗೆ ಬಂತೆಂದರೆ, ಹೊಸ ಮದುವಣಗಿತ್ತಿಯ ಚೌರಿ ಕಟ್ಟಿದ ಜಡೆಯ ಹಾಗೆ ದಪ್ಪಗೆ, ತಿಳಿಹಸಿರಾಗಿ ನೀರಿನ ಮೇಲಕ್ಕೇ ಬಂದುಬಿಟ್ಟಿತು. ಮುಂಚಿನವರು ಬಡಿಸಿದಷ್ಟೂ ಉಂಡರು. ಉಂಡರು, ಇನ್ನೂ ಉಂಡರು. ಜಾಗಟೆ ಹೊತ್ತು ನೆತ್ತಿಗೆ ಬಂದರೂ ಬಾರಿಸಲಾಗಲಿಲ್ಲ. ಆಮೇಲಾಮೇಲೆ ಸೊಪ್ಪಿನ ಮೇಲೆ ಲೋಳೆಯಂಥ ಹಾವಸೆ ಕಟ್ಟಿ, ಬುಡ ಕಂದಾಗತೊಡಗಿತು. ಅವರು ಅಷ್ಟು ತಿಂದರೂ ಮೈ ಹತ್ತಿರಲಿಲ್ಲ. ಕಾಲ ಸಂದಿನ ತೊಗಲು ಜೋಲುಬಿದ್ದಿತ್ತು. ದಿನವೆಲ್ಲ ತಿನ್ನುವವರ ಮೈಯಲ್ಲಿ ಉಪವಾಸದ ಗುರುತು ಕಂಡಿತು. ಏಕೆ ಎಂದು ತಿಳಿಯಲಿಲ್ಲ.

ಅದೇ ದಿನಗಳಲ್ಲಿ ದೇವೀರಿಗೆ ಏಳು ತುಂಬಿತ್ತು. ಚೊಚ್ಚಲು. ಹೆರಿಗೆಗೆ ತವರಿಗೆ ಕರೆತರಬೇಕು. ಆದರೆ ಎರಡು ವರ್ಷದಿಂದ ನಮ್ಮೂರಿನ ಒಬ್ಬ ಹೆಣ್ಣುಮಗಳೂ ಹೆರಿಗೆಗೆ ಬಂದಿರಲಿಲ್ಲ. ಬಾಣಂತಿಗೆ ಬೆಳಗ್ಗೆ ಬಿಸಿನೀರು ಹುಯ್ಯಬೇಕು, ಮೆಣಸಿನ ಸಾರು ಕಾಯಿಸಬೇಕು, ಕೂಸಿಗೆ ಸಾಂಬ್ರಾಣಿ ಹೊಗೆ ಹಾಕಬೇಕು. ಬೆಂಕಿಯಿಲ್ಲದ ಊರಿಗೆ ಯಾವ ಅತ್ತೆ ತುಂಬಿದ ಬಸುರಿಯನ್ನು ಕಳಿಸುತ್ತಾಳೆ? ದೇವೀರಿ ಮಾತ್ರ, ಅವ್ವನ ಮನೆಯಲ್ಲೇ ಆಗಬೇಕು ಎಂದು ಪಟ್ಟು ಹಿಡಿದಿದ್ದಳು. ನನಗೂ ಬೇರೆ ಆಸೆಯಿರಲಿಲ್ಲ. ನನ್ನನ್ನು ಹೆತ್ತವಳು ತನ್ನ ತವರಲ್ಲಿ ಹೆತ್ತಳು, ನಾನು ನನ್ನ ತವರಲ್ಲಿ ಹೆತ್ತೆ. ಮಗಳ ಮೊದಲ ನೋವಿಗೆ ಕೈ ಹಿಡಿಯಲು ನಾನಿಲ್ಲದಿದ್ದರೆ ಈ ಮನೆಯ ಬಾಗಿಲು ಯಾತಕ್ಕೆ ಎನಿಸುತ್ತಿತ್ತು.

ದೇವೀರಿಯ ಅತ್ತೆ ನಿಂಗಾಜಮ್ಮ ಒಂದು ದಿನ ಮೊದಲ ಬಸ್ಸಿಗೇ ಬಂದಳು. ಊರು ನೋಡಿ ಹೋಗಲು ಬಂದದ್ದು ಎಂದು ಇಳಿದ ಕೂಡಲೇ ಹೇಳಿದಳು, ಅವಳಲ್ಲಿ ಮುಚ್ಚುಮರೆಯಿಲ್ಲ. ಕೆರೆಯ ಮೆಟ್ಟಿಲ ಮೇಲೆಯೇ ನೆನೆಸಿದ ಅವಲಕ್ಕಿಗೆ ಬೆಲ್ಲ, ಕಾಯಿ ಹಾಕಿ ಕೊಟ್ಟೆ.

"ಇದೇನು ಬೀಗಿತ್ತಿ, ಏಕಾದಶಿಯಾ ಇವತ್ತು?"

"ಮುಂಚಿನವರು ಇನ್ನೂ ಉಣ್ತಾವ್ರೆ ಕಣಕ್ಕ."

"ಹೊತ್ತು ನೆತ್ತಿಗೆ ಬಂತು. ನಮ್ಮ ಕಡೆ ಮದುವೆ ಊಟನೂ ಇಷ್ಟೊತ್ತು ನಡೆಯಕ್ಕಿಲ್ಲ." ಅವಳು ಅವಲಕ್ಕಿ ಅಗಿಯುತ್ತ ನೀರಿನ ಕಡೆ ನೋಡಿದಳು. "ಬಾಣಂತಿಗೂ ಇದೇ ಇಕ್ತೀಯಾ? ತಣ್ಣೀರು ಹುಯ್ತೀಯಾ?"

ನಾನು ಅವಳ ಲೋಟಕ್ಕೆ ನೀರು ಹುಯ್ದೆ.

"ನಿನ್ನ ಮಗಳನ್ನ ನಾನೇನು ಕಟ್ಟಾಕಿಲ್ಲ. ಎದ್ರೆ ಅವ್ವನ ಮನೆ, ಕೂತ್ರೆ ಅವ್ವನ ಮನೆ ಅಂತಾಳೆ. ಕಳುಸ್ಬಾರದು ಅಂತ ನಂಗೂ ಇಲ್ಲ. ಆದ್ರೆ ಅವಳ ಹೊಟ್ಟೇಲಿರೋದು ನಮ್ಮ ಮನೆ ಕೂಸು ಕಣವ್ವ." ಕೈ ತೊಳೆದುಕೊಂಡು ಅವಳು ಏರಿಯ ಕಡೆ ಬೆರಳು ತೋರಿಸಿದಳು. "ಒಂದು ಮಾತು ಹೇಳ್ತೀನಿ. ಅಮಾಸೆ ಕಳೆದ ಮೂರನೇ ದಿನ ಬತ್ತೀನಿ. ಆ ಏರಿ ಮೇಲೆ ನಿಮ್ಮೂರ ದನ ಮೇಯಕ್ಕೆ ಹೋಯ್ತವಲ್ಲ, ಕಡೇ ದನ ದಾಟೋದ್ರೊಳಗೆ ನಿನ್ನ ಜಾಗಟೆ ಕೇಳಿದ್ರೆ, ಅವತ್ತೇ ಹೋಗಿ ಕರ್ಕೊಂಡು ಬಂದು ಬುಡ್ತೀನಿ. ಕೇಳದಿದ್ರೆ ಹೆರಿಗೆ ನಮ್ಮ ಮನೇಲಿ. ನೀನೇ ಅಲ್ಲಿಗೆ ಬಾ."

ನಾನು ಅಲ್ಲಿಗೆ ಹೋಗುವಂತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಜಾಗಟೆ ಬಿಟ್ಟು ನಾನು ಒಂದು ಬೆಳಗ್ಗೆಯೂ ಊರು ದಾಟಿದವಳಲ್ಲ.

ಅಮಾವಾಸ್ಯೆಗೆ ಇನ್ನು ಇಪ್ಪತ್ತೆರಡು ದಿನವಿತ್ತು. ಮೆಟ್ಟಿಲ ಮೇಲೆ ಕೂರುವುದನ್ನು ಬಿಟ್ಟು ದಡ ಸುತ್ತತೊಡಗಿದೆ. ಎಲ್ಲರೂ ತಡವಾಗಿ ಏಳುತ್ತಾರೆಯೇ, ಕೆಲವರು ಮಾತ್ರವೇ ಎಂದು ನೋಡಿದೆ. ಮೂರು ಜನ ಮಾತ್ರ ಹಳೆಯ ಕಾಲದಂತೆ ಹೊತ್ತು ಏರುವ ಮುಂಚೆಯೇ ಬಂಡೆಗೆ ಬರುತ್ತಿದ್ದರು. ಇಷ್ಟು ದಿನ ನಾನು ಕೊನೆಯವರನ್ನೇ ಕಾಯುತ್ತ ಕುಳಿತವಳು, ಮೊದಲು ಎದ್ದವರನ್ನು ನೋಡಿರಲೇ ಇಲ್ಲ. ಅವರು ಎಲ್ಲಿಂದ ಬರುತ್ತಾರೆಂದು ಹಿಂದೆಯೇ ಹೋದೆ. ಬುಟ್ಟಿ ಚಾಪೆ ಹೆಣೆಯುವ ಮೇದರ ತೊಳಸಮ್ಮನ ಗುಡಿಸಿಲ ಹಿಂದಿನ ಮೂಲೆ. ಅವಳು ಬಿದಿರು ನೆನೆಯಲೆಂದು ನೀರಿನಲ್ಲಿ ಕಟ್ಟು ಹಾಕಿ, ಬಿಸಿಲಿಗೆ ಬಿರಿಯಬಾರದೆಂದು ಮೇಲೆ ಹಳೆಯ ಬಿದಿರುತಟ್ಟಿಗಳನ್ನು ಹರಡಿದ್ದಳು. ಆ ತಟ್ಟಿಗಳ ನೆರಳಿನಲ್ಲಿ ಮೂವರು ಉಣ್ಣುತ್ತಿದ್ದರು.

"ಅಕ್ಕ, ಇವರು ಇಲ್ಲಿಗೆ ಯಾವಾಗಿಂದ ಬತ್ತಾವ್ರೆ?" ಎಂದೆ.

"ಮರ ಬಿದ್ದ ವಾರಕ್ಕೇ ಬಂದ್ರು. ಬತ್ತಾರೆ, ಒಂದಿಷ್ಟು ತಿಂತಾರೆ, ಎದ್ದೋಯ್ತಾರೆ. ನಮ್ಮ ಭಾವನೋರಂಗೆ, ಎರಡನೇ ಸಲ ಬಡಿಸ್ಕಳಕ್ಕಿಲ್ಲ." ತೊಳಸಮ್ಮ ಬಿದಿರು ಸೀಳುವುದನ್ನು ನಿಲ್ಲಿಸಲಿಲ್ಲ.

"ಇದನ್ನ ಯಾಕಕ್ಕ ನೀನು ಹೇಳ್ಲಿಲ್ಲ?"

"ಮರ ಕಡಿಯೋವಾಗ ಊರನ್ನೆಲ್ಲ ಕೇಳಿದ್ರಿ. ಈ ಮೂಲೆಗೆ ಯಾರು ಬಂದು ಕೇಳಿದ್ರು?"

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಇದ್ದದ್ದು ಹಾಗೆ. ನಾನು ಮಂಡಿಯೂರಿ ತಟ್ಟಿಯ ಕೆಳಗೆ ಕೈಯಿಟ್ಟೆ. ನೀರು ತಣ್ಣಗಿತ್ತು. ಅತ್ತೆ ಹೇಳುತ್ತಿದ್ದ ನೀರು. ಸೊಪ್ಪು ಗಿಡ್ಡ, ಕಡುಹಸಿರು, ಹಾವಸೆಯ ಸುಳಿವಿಲ್ಲ. ಆಮೇಲೆ ನಾನೊಂದು ಮಾಡಬಾರದ ಕೆಲಸ ಮಾಡಿದೆ. ಮುಂಚಿನವರ ಎಲೆಯಿಂದ ಮನುಷ್ಯರು ತುತ್ತು ತೆಗೆಯಬಾರದೆಂಬುದು ನಮ್ಮೂರಿನ ಮಗುವಿಗೂ ಗೊತ್ತು. ನಾನು ಅಲ್ಲಿಂದ ಒಂದು ಎಳೆ ಕಿತ್ತು ಬಾಯಿಗಿಟ್ಟೆ. ಕಹಿಯಾಗಿ, ನಾರಾಗಿ ಇತ್ತು. ಅಗಿದು ನುಂಗುವಷ್ಟರಲ್ಲಿ ದವಡೆ ಸೋತಿತು. ನಾಲ್ಕು ಹೆಜ್ಜೆ ಆಚೆ ಹೋಗಿ ಬಿಸಿಲಲ್ಲಿ ಬೆಳೆದ ಸೊಪ್ಪಿನ ಒಂದು ಎಳೆ ಕಿತ್ತೆ. ಅದು ನಾಲಿಗೆಯ ಮೇಲೆ ನೀರಾಯಿತು. ರುಚಿಯೂ ಇಲ್ಲ, ಸತ್ವವೂ ಇಲ್ಲ. ನುಂಗಿದ್ದೇ ತಿಳಿಯಲಿಲ್ಲ.

ಅಲ್ಲೇ ದಡದ ಮೇಲೆ ಕುಳಿತುಬಿಟ್ಟೆ. ಬಿಸಿನೀರು ಅವರ ಹಸಿವನ್ನು ಹೆಚ್ಚಿಸಿತ್ತು. ಬಿಸಿಲು ಸೊಪ್ಪನ್ನು ಬೆಳೆಸಿತ್ತು, ಆದರೆ ಬರಿಯ ನೀರು ತುಂಬಿ ಬೆಳೆಸಿತ್ತು. ನಾವು ಹಸಿದವರಿಗೆ ತಿಳಿಗಂಜಿಯ ಹಂಡೆಗಳನ್ನು ಸಾಲಾಗಿ ಇಟ್ಟು, ಉಣ್ಣಿ ಉಣ್ಣಿ ಎಂದಿದ್ದೆವು. ಹೇಳಿದವಳು ನಾನು.

ಒಲೆ ಹತ್ತುವ ತನಕ ಊರಿನ ಗಂಡಸರು ಸೇರುತ್ತಿದ್ದದ್ದು ಶೇಷಣ್ಣನ ಹೋಟೆಲಿನ ಬೆಂಚುಗಳ ಮೇಲೆ. ಮಾರನೆಯ ದಿನ ಜಾಗಟೆಯ ಕಂಬದ ಬಳಿ ತೊಳಸಮ್ಮನನ್ನು ಸ್ವಲ್ಪ ಹೊತ್ತು ಕಾವಲು ಕೂರಿಸಿ ಅಲ್ಲಿಗೆ ಹೋದೆ. ಕಂಡದ್ದನ್ನೆಲ್ಲ ಹೇಳಿದೆ. ಮರ ಕಡಿಸಿದ ಮಾತು ನನ್ನದು, ತಪ್ಪೂ ನನ್ನದು ಎಂದೆ. ಕೊನೆಗೆ, "ಅವರೆಲೆಯಿಂದ ಎರಡು ಎಳೆ ಕಿತ್ತು ತಿಂದೆ" ಎಂದೆ.

ಶೇಷಣ್ಣ ಪಾನಕದ ಲೋಟ ಕೈಯಲ್ಲೇ ಹಿಡಿದು ನಿಂತ.

"ಎಂಗಿತ್ತು ರುಚಿ?" ಎಂದರು ಮರಿಗೌಡರು.

"ಒಂದು ಕಹಿ. ಇನ್ನೊಂದು ಏನೂ ಇಲ್ಲ."

"ಕಹಿದು ಒಳ್ಳೇದು ಅಂತೀಯ."

"ಹೌದು ಗೌಡ್ರೆ. ಕಹಿದು ಹೊಟ್ಟೇಲಿ ನಿಲ್ತದೆ."

ಮರಿಗೌಡರು ತಲೆದೂಗಿದರು. "ಮಾತು ನಿಂದು ಅಂತ ನೀನೇ ಹೊತ್ಕೊಂಡ್ರೆ ಆಯ್ತಾ? ಕೊಡ್ಲಿ ಹಿಡಿದೋರಿಗೆ ಕಣ್ಣಿರ್ಲಿಲ್ವಾ? ಬಿದ್ದ ಒಂದೊಂದು ಮರದ ಬುಡಕ್ಕೂ ಎರಡೆರಡು ಸಸಿ ನೆಡಬೇಕು, ಎಲ್ಲ ಸೇರಿ. ಎಲೆ ಮುಟ್ಟಿದ ತಪ್ಪು ಮಾತ್ರ ನಿಂದು. ಅದಕ್ಕೆ ಸಸಿ ಸೊಂಟದೆತ್ತರ ಆಗೋಗಂಟ ನೀರು ನೀನೇ ಹೊರಬೇಕು."

ಒಪ್ಪಿದೆ. ಹಗುರವಾಗಿ ಎದ್ದೆ.

"ಸಸಿ ಮರ ಆಗೋದ್ರಲ್ಲಿ ನಾವೆಲ್ಲ ಮುಂಚಿನವರ ಜೊತೆ ಸೇರ್ಕೊಂಡಿರ್ತೀವಿ. ಅಲ್ಲೀಗಂಟ ಏನ್ಮಾಡೋದು?" ಎಂದ ಶೇಷಣ್ಣ.

"ಚಪ್ಪರ ಹಾಕೋಣ" ಎಂದೆ.

ಹೀಗೆ ನಮ್ಮೂರಿನಲ್ಲಿ ಕೆರೆಗೆ ಚಪ್ಪರ ಹಾಕಿದೆವು. ಮೂಡಲ ದಡದ ತೆಳುನೀರಿನಲ್ಲಿ ಬಿದಿರುಗಳನ್ನು ನೆಟ್ಟು, ಅಡ್ಡಕ್ಕೆ ಗಳ ಕಟ್ಟಿ, ಮೇಲೆ ತೆಂಗಿನ ಗರಿ ಹೊದಿಸಿದೆವು. ಗರಿ ಸಾಲದಾದಾಗ ಮನೆಮನೆಯ ಚಾಪೆ, ಗೋಣಿ, ಮದುವೆಗೆ ಕಟ್ಟುವ ಬಟ್ಟೆ, ಹರಿದ ಸೀರೆ ಎಲ್ಲ ಬಂದವು. ಕೆಲಸದ ಮೇಸ್ತ್ರಿ ತೊಳಸಮ್ಮ. "ಒತ್ತಾಗಿ ಕಟ್ಬೇಡಿ, ಬೆಳಕು ಸೋರ್ಲಿ. ಪೂರಾ ಕತ್ತಲು ಮಾಡಿದ್ರೆ ಸೊಪ್ಪು ಸಾಯ್ತದೆ" ಎಂದು ಗದರಿಸುತ್ತ, ಜೀವಮಾನವೆಲ್ಲ ಅವಳ ಮೂಲೆಗೆ ಕಾಲಿಡದವರ ಕೈಯಲ್ಲಿ ಗಂಟು ಬಿಚ್ಚಿಸಿ ಮತ್ತೆ ಕಟ್ಟಿಸಿದಳು. ಹಾದುಹೋಗುವ ಬಸ್ಸಿನವರು ಇಣುಕಿ, "ಯಾರ ಮದುವೆ?" ಎಂದು ಕೇಳುತ್ತಿದ್ದರು. "ಗಂಗಮ್ಮಂದು, ಊಟಕ್ಕೆ ಸಂಜೆ ಮೇಲೆ ಬನ್ನಿ" ಎನ್ನುತ್ತಿದ್ದ ಶೇಷಣ್ಣ.

ಕೆರೆಯ ಕಾಲುಭಾಗಕ್ಕೆ ನೆರಳು ಬಂತು. ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಏಳೆಂಟು ಜನ ಬಿಸಿಲು ಬಿಟ್ಟು ಚಪ್ಪರದ ಕೆಳಗೆ ಬಂದರು. ಆಮೇಲೆ ಹದಿನೈದು, ಇಪ್ಪತ್ತು. ಅಲ್ಲಿನ ನೀರು ತೊಳಸಮ್ಮನ ಮೂಲೆಯಷ್ಟು ತಣ್ಣಗಾಗಲಿಲ್ಲ, ಆದರೆ ಕೈಗೆ ಬಿಸಿ ತಾಗುವುದು ನಿಂತಿತು. ಹೊಸದಾಗಿ ಚಿಗುರಿದ ಸೊಪ್ಪಿಗೆ ಬಣ್ಣ ಬಂತು. ಜಾಗಟೆ ನೆತ್ತಿಯಿಂದ ಹಿಂದಕ್ಕೆ ಸರಿಯಿತು. ಅಮಾವಾಸ್ಯೆಯ ದಿನ ಶಾಲೆಯ ಗಂಟೆಯಾದ ಸ್ವಲ್ಪ ಹೊತ್ತಿಗೇ ಬಾರಿಸಿದೆ. ಅಷ್ಟು ಹೊತ್ತಿಗೆ ದನಗಳು ಏರಿ ದಾಟಿ ಹೋಗಿದ್ದವು. ಇನ್ನೂ ಅಷ್ಟು ದೂರವಿತ್ತು, ಉಳಿದದ್ದು ಮೂರು ದಿನ.

ಮೂರನೆಯ ದಿನ ನಿಂಗಾಜಮ್ಮ ಹೇಳಿದಂತೆ ಬಂದಳು. ಚಪ್ಪರ ನೋಡಿ, ಚೀಲ ಕೆಳಗಿಟ್ಟು ನನ್ನ ಪಕ್ಕದ ಮೆಟ್ಟಿಲಲ್ಲಿ ಕುಳಿತಳು. ಅವತ್ತು ಗಂಗಮ್ಮನ ದಯೆಯೋ ಏನೋ, ಮುಂಚಿನವರು ಒಬ್ಬೊಬ್ಬರಾಗಿ ಬೇಗ ಬೇಗನೆ ಬಂಡೆಗೆ ಬರತೊಡಗಿದರು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಮೂವತ್ತು. ಮೂವತ್ತಾರು. ಏರಿಯ ಆ ತುದಿಯಲ್ಲಿ ದನಗಳ ಕೊರಳಗಂಟೆ ಕೇಳಿತು. ಮೂವತ್ತೊಂಬತ್ತು. ದನಗಳು ಸಾಲಾಗಿ ಏರಿಯ ಮೇಲೆ ಬಂದವು. ನಲವತ್ತನೆಯವರು ಬಂಡೆಗೆ ಮುಂಗಾಲಿಟ್ಟು, ಜಾರಿ, ಮತ್ತೆ ಹತ್ತಿದರು. ಜಾಗಟೆಯ ಕೋಲು ಹಿಡಿದು ಎದ್ದು ನಿಂತೆ. ಒಬ್ಬರು ಉಳಿದಿದ್ದರು. ಚಪ್ಪರದ ಅಂಚಿನಲ್ಲಿ, ನೆರಳಲ್ಲೇ, ನಿಧಾನವಾಗಿ ಒಂದೊಂದೇ ಎಳೆ ಕಡಿಯುತ್ತ. ಕಡೆಯ ಕುಂಟ ಎಮ್ಮೆ ಏರಿ ದಾಟಿ ಆಚೆ ಇಳಿಯಿತು. ಅವರು ತಲೆಯೆತ್ತಲಿಲ್ಲ.

ನಾನು ಕೋಲನ್ನು ಕೆಳಗಿಟ್ಟು ಕುಳಿತೆ. ಕಣ್ಣು ಮಂಜಾದದ್ದನ್ನು ಸೆರಗಿನಿಂದ ಒರೆಸಿಕೊಂಡೆ. ಅವರ ಮೇಲೆ ಸಿಟ್ಟು ಬರಲಿಲ್ಲ, ಬರುವಂಥದ್ದಲ್ಲ.

ಬಹಳ ಹೊತ್ತಿನ ಮೇಲೆ ನಿಂಗಾಜಮ್ಮ, "ಅದ್ಯಾರು, ಅವರೊಬ್ಬರೇ ಇನ್ನೂ ಎದ್ದಿಲ್ಲ?" ಎಂದಳು. ಅವಳು ಅವರು ಎಂದದ್ದು ನನ್ನ ಕಿವಿಗೆ ಬಿತ್ತು.

"ಅವರು ಬಸುರಿ. ಇನ್ನು ಹತ್ತು ಹದಿನೈದು ದಿನಕ್ಕೆ ಮರಳಿಗೆ ಹತ್ತಿ ಮೊಟ್ಟೆ ಇಡ್ತಾರೆ."

ನಿಂಗಾಜಮ್ಮ ಮುಂದಕ್ಕೆ ಬಾಗಿ ನೋಡಿದಳು. "ಮೆಲ್ಲಗೆ ತಿಂತಾವ್ರೆ."

"ಎರಡು ಜೀವದ ಊಟ."

"ನಮ್ಮ ದೇವೀರಿನೂ ಹಂಗೇ ಕಣವ್ವ. ಎಲ್ರೂ ಕೈ ತೊಳ್ಕೊಂಡ ಮೇಲೂ ತಟ್ಟೆ ಮುಂದೆ ಕೂತಿರ್ತಾಳೆ. ನನ್ನ ಮಗ ಏಳು ಅಂದ್ರೆ ನಾನೇ ಬೈತೀನಿ." ಮತ್ತೆ ನೀರಿನ ಕಡೆ ನೋಡಿ, "ಇವರನ್ನ ಯಾರಾದ್ರೂ ಎಬ್ಬುಸ್ತಾರಾ?" ಎಂದಳು.

"ಎಂಗೆ ಎಬ್ಬುಸ್ತಾರೆ."

"ಉಣ್ಲಿ ಬುಡು."

ನಾವಿಬ್ಬರೂ ನೋಡುತ್ತ ಕುಳಿತೆವು. ಗರಿಗಳ ಸಂದಿನಿಂದ ಸೋರಿದ ಬೆಳಕು ಅವರ ಚಿಪ್ಪಿನ ಮೇಲೆ ಅಲುಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ದನ ಹೋಗಿ ಹೊತ್ತಾಯ್ತು ಬೀಗಿತ್ತಿ. ನೀನು ಹೇಳಿದ ಮಾತು ನನಗೆ ಗ್ಯಾನ ಅದೆ" ಎಂದೆ.

"ಹೇಳ್ದೋಳು ನಾನು. ನನ್ನ ಮಾತು ನಂಗೆ ಬುಡು." ಅವಳು ಮೆಟ್ಟಿಲ ಕಲ್ಲಿನ ಮೇಲೆ ಅಂಗೈ ಊರಿ, ಚುರುಕ್ಕೆಂದು ತೆಗೆದುಕೊಂಡಳು. "ಈ ಕಲ್ಲು ನೋಡು ಎಂಗೆ ಕಾದದೆ. ಅಲ್ಲ ಸಾಕವ್ವ, ಇಷ್ಟು ದೊಡ್ಡ ಕೆರೆನೇ ಕಾಯ್ಸೋ ಬಿಸಿಲು, ಒಂದು ಹಂಡೆ ನೀರು ಕಾಯ್ಸಕ್ಕಿಲ್ವಾ?"

ನಾನೂ ಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿದೆ.

"ತಾಮ್ರದ ಹಂಡೆ ಮಸಿ ತೊಳೀಬೇಡ. ಹಂಗೇ ತುಂಬಿ ಅಂಗಳದಲ್ಲಿಡು. ಬಾಣಂತಿ ನೀರು ಹುಯ್ಯೋ ಹೊತ್ತಿಗೆ ಕೈ ಸುಡ್ತದೆ. ಸಾರು ಇವರೆಲ್ಲ ಎದ್ದ ಮೇಲೆ ಆಗ್ಲಿ. ನಿಮ್ಮೂರೋರು ಇಷ್ಟು ವರ್ಷ ಬೆಂಕಿ ಬೆಂಕಿ ಅಂತ ಕೂತ್ರಲ್ಲ, ತಲೆ ಮೇಲೆ ಸೂರ್ಯ ಇರೋದು ಯಾರಿಗೂ ಕಾಣ್ಲಿಲ್ವಾ?"

ನನಗೆ ನಗು ಬಂತು. ಅಳುವೂ ಅದರ ಜೊತೆಗೇ ಇತ್ತು. ನಿಂಗಾಜಮ್ಮ ಚೀಲ ತೆಗೆದುಕೊಂಡು ಎದ್ದಳು. "ನಾಡಿದ್ದು ಕರ್ಕೊಂಡು ಬತ್ತೀನಿ. ಆದ್ರೆ ನಾನೂ ಇಲ್ಲೇ ಇರ್ತೀನಿ, ಕೂಸು ಆಗೋಗಂಟ. ನಿನ್ನ ಅವಲಕ್ಕಿ ನಂಬ್ಕೊಂಡು ಬಿಟ್ಟು ಹೋಗೋಳಲ್ಲ" ಎಂದಳು. ಅವಳು ಬಸ್ಸಿನ ರಸ್ತೆಗೆ ಹೋಗುವಷ್ಟರಲ್ಲಿ ಆ ಒಬ್ಬರು ಮೆಲ್ಲಗೆ ಬಂಡೆ ಹತ್ತಿದರು. ಜಾಗಟೆ ಬಾರಿಸಿದೆ.

ದೇವೀರಿ ಬಂದಳು. ಐದು ವಾರ ನಮ್ಮ ಮನೆಯಲ್ಲಿ ಮಾತು, ನಗು, ಜಗಳ ತುಂಬಿಕೊಂಡಿತ್ತು. ನಿಂಗಾಜಮ್ಮ ದಿನವೂ ಅಂಗಳದಲ್ಲಿ ಮಸಿ ಹಿಡಿದ ಹಂಡೆಯನ್ನು ಬಿಸಿಲು ಸರಿದ ಕಡೆಗೆಲ್ಲ ಸರಿಸುತ್ತಿದ್ದಳು. ಅದನ್ನು ನೋಡಿ ಪಕ್ಕದ ಮನೆಯವರೂ ಇಟ್ಟರು. ಊರಿನ ಅಂಗಳಗಳಲ್ಲೆಲ್ಲ ಕಪ್ಪು ಹಂಡೆಗಳು ಕುಳಿತವು. ಜಾಗಟೆ ಒಂದೊಂದು ದಿನ ದನ ದಾಟುವ ಮೊದಲು, ಒಂದೊಂದು ದಿನ ದಾಟಿದ ಮೇಲೆ ಕೇಳುತ್ತಿತ್ತು. ಹಳೆಯ ಹೊತ್ತಿಗಂತೂ ಹೋಗಲಿಲ್ಲ. ಹೋಗುತ್ತದೆಂದು ನಾನು ದೇವರನ್ನು ಕೇಳಿಕೊಳ್ಳಲೂ ಇಲ್ಲ. ದಿನವೂ ಸಂಜೆ ಸಸಿಗಳಿಗೆ ನೀರು ಹೊತ್ತೆ.

ಒಂದು ಬೆಳಗ್ಗೆ ಮುಂಚಿನವರು ನೀರಿಗಿಳಿದು ಸ್ವಲ್ಪ ಹೊತ್ತಾಗಿತ್ತು. ನಿಂಗಾಜಮ್ಮ ಏದುಸಿರು ಬಿಡುತ್ತ ಮೆಟ್ಟಿಲಿಳಿದು ಬಂದಳು. "ಏಳು, ನೋವು ಬಂದದೆ. ಸೂಲಗಿತ್ತಿ ಬಂದವಳೆ. ದೇವೀರಿ ಅವ್ವ ಅವ್ವ ಅಂತಾವಳೆ, ಅತ್ತೆ ಅಂತಿಲ್ಲ."

"ಜಾಗಟೆ?"

"ನಂಗೂ ಎರಡು ಕಣ್ಣವೆ. ಎಷ್ಟು ಜನ?"

"ನಲವತ್ತೊಂದು. ಕಡೇವರು ನಾಲ್ಕು ಕಾಲೂ ಬಂಡೆ ಮೇಲೆ ಇಟ್ಟು ಕೂತ ಮೇಲೇ ಹೊಡೀಬೇಕು. ಅವಸರ ಮಾಡ್ಬೇಡ."

"ಹೋಗವ್ವ, ಮಗಳ ಹೆರಿಗೆ ನಿಂಗೆ, ಇವರ ಊಟ ನಂಗೆ" ಎಂದು ಅವಳು ನನ್ನ ಕೈಯಿಂದ ಕೋಲು ಕಿತ್ತುಕೊಂಡಳು.

ಮಗಳ ಕೈ ನನ್ನ ಕೈಯೊಳಗಿತ್ತು. ಅವಳ ಉಗುರು ನನ್ನ ಮಣಿಕಟ್ಟಿಗೆ ಊರಿಕೊಂಡಿತ್ತು. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಇಳಿಯುವಷ್ಟರಲ್ಲಿ ಹೆಣ್ಣುಕೂಸು ಹುಟ್ಟಿತು. ಅಂಗಳದ ಹಂಡೆಯ ನೀರು ಬೆಚ್ಚಗಾಗಿತ್ತು. ಸೂಲಗಿತ್ತಿ ಮೊಣಕೈ ಅದ್ದಿ ನೋಡಿ, "ಹದವಾಗಿ ಅದೆ" ಎಂದು ಕೂಸನ್ನು ತೊಳೆದು ನನ್ನ ಮಡಿಲಿಗೆ ಹಾಕಿದಳು. ದೇವೀರಿ ಕಣ್ಣು ಮುಚ್ಚಿ ಮಲಗಿದ್ದಳು. ಆಗ ಜಾಗಟೆ ಕೇಳಿತು.

ಹೊಸ ಕೈ, ಪೆಟ್ಟು ಓರೆಯಾಗಿ ಬೀಳುತ್ತಿತ್ತು, ಆದರೂ ಕಂಚಿನ ದನಿ ಊರಿನ ಮೇಲೆಲ್ಲ ಹರಡಿತು. ಇಪ್ಪತ್ತು ವರ್ಷ ನಾನು ಅದನ್ನು ಕೇಳಿದ್ದು ಕಂಬದ ಬುಡದಲ್ಲಿ ನಿಂತು. ಬಾರಿಸಿ, ಕೈ ಮುಗಿದು, ಮೆಟ್ಟಿಲು ಹತ್ತಿ ಮನೆಗೆ ಬರುವಷ್ಟರಲ್ಲಿ ಎಲ್ಲರ ಒಲೆಯೂ ಉರಿಯುತ್ತಿರುತ್ತಿತ್ತು. ಊರಿನಲ್ಲಿ ಕೊನೆಗೆ ಹತ್ತುವ ಒಲೆ ನಮ್ಮದು. ಮನೆಯೊಳಗೆ ಆ ದನಿ ಹೇಗೆ ಬರುತ್ತದೆ, ಪಾತ್ರೆಗಳೊಳಗೆ ಹೇಗೆ ಸಣ್ಣಗೆ ಗುಂಯ್‌ಗುಡುತ್ತದೆ ಎಂಬುದು ನನಗೆ ಮರೆತೇ ಹೋಗಿತ್ತು.

ಕೂಸನ್ನು ದೇವೀರಿಯ ಮಗ್ಗುಲಿಗೆ ಮಲಗಿಸಿ ಅಡುಗೆಮನೆಗೆ ಹೋದೆ. ಒಲೆಯ ಮುಂದೆ ಕುಳಿತು ಕಡ್ಡಿ ಗೀರಿದೆ. ಒಂದೇ ಗೀರಿಗೆ ಹತ್ತಿತು. ಕಿಟಕಿಯಾಚೆ ಎದುರುಮನೆಯ ಮಾಡಿನಿಂದ, ಅದರ ಪಕ್ಕದ ಮನೆಯಿಂದ, ಅದರಾಚೆಯ ಶೇಷಣ್ಣನ ಹೋಟೆಲಿನಿಂದ ಹೊಗೆ ಏಳುತ್ತಿತ್ತು. ಸೌದೆ ಮುಂದೆ ತಳ್ಳಿ, ಮೆಣಸಿನ ಸಾರಿಗೆ ನೀರಿಟ್ಟೆ.

"ಅವ್ವ" ಎಂದಳು ದೇವೀರಿ ಒಳಗಿನಿಂದ. "ಹಸೀತದೆ ಕಣವ್ವ."

"ಇಗೋ, ತತ್ತೀನಿ ಕಣವ್ವ" ಎಂದೆ.